ಸ್ಪೀಚ್ ಥೆರಪಿ ಅಸಿಸ್ಟೆಂಟ್ ಆಗಲು ಏನು ಓದಬೇಕು, ಏನು ಕಲಿಯಬೇಕು: ಕರಾವಳಿಯ ಪಿಯುಸಿ ವಿದ್ಯಾರ್ಥಿಗಳಿಗೆ

ಸೇರುವ ಮೊದಲು ಕಾಲೇಜಿನವರನ್ನು ಒಂದು ಪ್ರಶ್ನೆ ಕೇಳಿ: ಈ ಕೋರ್ಸ್ ಮುಗಿದ ಮೇಲೆ ಆರ್‌ಸಿಐ ನಂಬರ್ ಸಿಗುತ್ತದೆಯೇ? ಫೀಸು, ಹಾಸ್ಟೆಲ್, ಬಸ್ಸಿನ ಮಾತೆಲ್ಲ ಆಮೇಲೆ.

ಆರ್‌ಸಿಐ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತು. 1992ರ ಕಾಯ್ದೆಯ ಪ್ರಕಾರ, ಮಾತು ಮತ್ತು ಶ್ರವಣದ ಚಿಕಿತ್ಸೆಯಲ್ಲಿ ವೃತ್ತಿ ಮಾಡುವವರು ಪರಿಷತ್ತು ಒಪ್ಪಿದ ವಿದ್ಯಾರ್ಹತೆ ಪಡೆದು ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಿರಬೇಕು. ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ 1 ವರ್ಷದವರೆಗೆ ಜೈಲು, 1000 ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು 13ನೇ ಸೆಕ್ಷನ್ ಹೇಳುತ್ತದೆ. ಮೂರು ತಿಂಗಳ, ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್‌ಗಳ ಜಾಹೀರಾತು ಕಂಡಾಗ ಇದು ನೆನಪಿರಲಿ. ಅಂಥ ಕೋರ್ಸಿನಿಂದ ಒಂದಿಷ್ಟು ವಿಷಯ ತಿಳಿಯಬಹುದು, ನೋಂದಣಿ ಆಗುವುದಿಲ್ಲ. ನೋಂದಣಿ ಇಲ್ಲದವರನ್ನು ಮಕ್ಕಳ ಮುಂದೆ ಕೂರಿಸುವ ಸೆಂಟರ್‌ಗಳಲ್ಲಿ ನಷ್ಟ ಅನುಭವಿಸುವುದು ಮಕ್ಕಳು. ಅವರ ಮಾತು ಬೆಳೆಯುವ ವಯಸ್ಸು ಮತ್ತೆ ಬರುವುದಿಲ್ಲ.

ಅಸಿಸ್ಟೆಂಟ್ ಕೆಲಸಕ್ಕೆ ನಮ್ಮಲ್ಲಿ ಇರುವ ನೇರ ದಾರಿ ಡಿಎಚ್‌ಎಲ್‌ಎಸ್, ಅಂದರೆ ಶ್ರವಣ, ಭಾಷೆ ಮತ್ತು ಮಾತಿನ ಡಿಪ್ಲೊಮಾ. ವಿಜ್ಞಾನ ವಿಷಯದ ಪಿಯುಸಿ ಆದವರಿಗೆ ಒಂದು ವರ್ಷದ ಕೋರ್ಸ್. ಯಾವ ಯಾವ ವಿಷಯ ಬೇಕು, ವಯಸ್ಸಿನ ಮಿತಿ ಎಷ್ಟು ಎಂಬುದನ್ನು ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲೇ ನೋಡಿ, ಅಕ್ಕ ಎರಡು ವರ್ಷದ ಹಿಂದೆ ತಂದ ಪ್ರತಿ ನಂಬಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಈ ಡಿಪ್ಲೊಮಾಕ್ಕೆ ಮೊದಲು ವಿಚಾರಿಸಬೇಕು.

ಇನ್ನೊಂದು ದಾರಿ ಬಿಎಎಸ್‌ಎಲ್‌ಪಿ, ಅಂದರೆ ಶ್ರವಣ ಮತ್ತು ಮಾತಿನ ಚಿಕಿತ್ಸೆಯ ಪದವಿ: ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮಣಿಪಾಲ, ಮಂಗಳೂರು ಕೆಎಂಸಿ, ಫಾದರ್ ಮುಲ್ಲರ್, ನಿಟ್ಟೆ, ಡಾ. ಎಂ. ವಿ. ಶೆಟ್ಟಿ ಸಂಸ್ಥೆಗಳ ಹೆಸರು ಇಲ್ಲಿ ಕೇಳಿಬರುವುದು ಈ ಪದವಿಗೆ. ಪದವಿ ಪಡೆದವರು ಪರೀಕ್ಷೆ ಮಾಡಿ, ತೊಂದರೆ ಏನೆಂದು ನಿರ್ಣಯಿಸಿ, ಚಿಕಿತ್ಸೆಯ ಯೋಜನೆ ಬರೆಯಬಹುದು. ಡಿಪ್ಲೊಮಾದವರು ಆ ಯೋಜನೆಯನ್ನು ಅವರ ಉಸ್ತುವಾರಿಯಲ್ಲಿ ನಡೆಸುತ್ತಾರೆ. ಮನೆಯಲ್ಲಿ ನಾಲ್ಕು ವರ್ಷ ಓದಿಸುವ ಶಕ್ತಿ ಇದ್ದರೆ ಪದವಿಗೇ ಹೋಗಿ ಎನ್ನುವುದು ನಮ್ಮ ಸಲಹೆ. ಬೇಗ ದುಡಿಮೆ ಬೇಕಾದವರಿಗೆ, ಯೋಜನೆ ಬರೆಯುವುದಕ್ಕಿಂತ ಮಕ್ಕಳ ಜೊತೆ ಕೂತು ಮಾಡಿಸುವ ಕೆಲಸ ಇಷ್ಟವಾದವರಿಗೆ ಡಿಪ್ಲೊಮಾ ಸರಿ. ಡಿಪ್ಲೊಮಾ ಆದ ಮೇಲೆ ನೇರ ಎರಡನೇ ವರ್ಷದ ಪದವಿಗೆ ಹಾಕುತ್ತೇವೆ ಎಂದು ಯಾರಾದರೂ ಹೇಳಿದರೆ ಬರೆದು ಕೊಡಲು ಕೇಳಿ.

ಸೇರುವ ಮುನ್ನ

ಆರ್‌ಸಿಐ ಮಾನ್ಯತೆ ಕಾಲೇಜಿಗೆ ಒಟ್ಟಾಗಿ ಸಿಗುವಂಥದ್ದಲ್ಲ, ಪ್ರತಿ ಕೋರ್ಸಿಗೆ ಬೇರೆ. ಅದಕ್ಕೆ ಅವಧಿಯೂ ಇರುತ್ತದೆ. ಪರಿಷತ್ತಿನ ವೆಬ್‌ಸೈಟಿನಲ್ಲಿ ರಾಜ್ಯವಾರು ಪಟ್ಟಿ ತೆರೆದು ಮೂರು ಸಂಗತಿ ನೋಡಿ: ಸಂಸ್ಥೆಯ ಹೆಸರು, ನೀವು ಸೇರುವ ಕೋರ್ಸಿನ ಹೆಸರು, ನೀವು ಓದುವ ವರ್ಷ ಮಾನ್ಯತೆಯ ಅವಧಿಯೊಳಗೆ ಇದೆಯೇ ಎಂಬುದು. ಪುಟವನ್ನು ದಿನಾಂಕ ಸಮೇತ ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಹೆಸರಿನ ತೊಡಕನ್ನೂ ಈಗಲೇ ಬಿಡಿಸಿಕೊಳ್ಳಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ಆಧಾರ್‌ನಲ್ಲಿ ಮನೆತನದ ಹೆಸರು, ಪಿಯುಸಿಯಲ್ಲಿ ಅಪ್ಪನ ಹೆಸರು ಹೀಗೆ ಮೂರು ಕಡೆ ಮೂರು ರೀತಿ ಇರುವುದು ಸಾಮಾನ್ಯ. ನೋಂದಣಿ ಅರ್ಜಿ ಹಾಕುವಾಗ ಇವೆಲ್ಲ ತಾಳೆಯಾಗಬೇಕು. ಡಿಪ್ಲೊಮಾ ಸರ್ಟಿಫಿಕೇಟ್ ಅಚ್ಚಾದ ಮೇಲೆ ತಿದ್ದಿಸುವುದಕ್ಕಿಂತ ಆಧಾರ್ ಅನ್ನು ಎಸ್ಸೆಸ್ಸೆಲ್ಸಿಯ ಹೆಸರಿಗೆ ಸರಿಮಾಡಿಸುವುದು ಎಷ್ಟೋ ಸುಲಭ.

ತರಬೇತಿಯಲ್ಲಿ ಕೈಗೆ ಹತ್ತಬೇಕಾದ ಕೆಲಸ

ಕಿವಿ ಮತ್ತು ಗಂಟಲಿನ ರಚನೆ, ಧ್ವನಿಯ ಭೌತಶಾಸ್ತ್ರ, ಭಾಷೆಯ ಬೆಳವಣಿಗೆ ಇವು ಪುಸ್ತಕದಲ್ಲಿವೆ, ಓದಿದರೆ ಬರುತ್ತವೆ. ಪ್ರಾಕ್ಟಿಕಲ್‌ನಲ್ಲಿ ಎಡವುವವರು ಹೆಚ್ಚು. ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ.

ಆರು ವರ್ಷದ ಮಗು ‘ಸರ’ ಎನ್ನುವಲ್ಲಿ ‘ತರ’ ಎನ್ನುತ್ತದೆ. ಥೆರಪಿಸ್ಟ್ ಬರೆದ ಗುರಿ: ಪದದ ಮೊದಲಲ್ಲಿ ‘ಸ’, ಸುಳಿವಿಲ್ಲದೆ ಶೇ. 80, ಸತತ ಮೂರು ಸೆಷನ್. ಕನ್ನಡಿಯನ್ನು ಮಗುವಿನ ಮುಖದ ಎತ್ತರಕ್ಕೆ ಇಟ್ಟು ನೀವು ಪಕ್ಕದಲ್ಲಿ ಕೂರಿ, ಇಬ್ಬರ ಬಾಯಿಯೂ ಕನ್ನಡಿಯಲ್ಲಿ ಕಾಣಬೇಕು. ಹಲ್ಲುಗಳು ಹತ್ತಿರ, ನಾಲಿಗೆಯ ತುದಿ ಹಲ್ಲಿನ ಹಿಂದೆ, ಗಾಳಿ ನಡುವಿನಿಂದ ಸಣ್ಣದಾಗಿ. ಬಾಯಿಯ ಮುಂದೆ ಅಂಗೈ ಹಿಡಿಸಿದರೆ ವ್ಯತ್ಯಾಸ ಮಗುವಿಗೇ ಗೊತ್ತಾಗುತ್ತದೆ: ‘ತ’ದಲ್ಲಿ ಗಾಳಿ ತಡೆದು ಒಮ್ಮೆಲೇ ಬಿಡುತ್ತದೆ, ‘ಸ್’ನಲ್ಲಿ ಎಳೆದಷ್ಟು ಹೊತ್ತು ಹರಿಯುತ್ತದೆ. ಬರೀ ‘ಸ್’ ಬಂದ ಮೇಲೆ ಸಾ, ಸೀ, ಸೂ. ಆಮೇಲೆ ಸರ, ಸೂಜಿ, ಸೇಬು. ಪದದ ಮೊದಲಲ್ಲಿ ಗಟ್ಟಿಯಾದ ಮೇಲೆ ಥೆರಪಿಸ್ಟ್ ಗುರಿ ಬದಲಿಸುತ್ತಾರೆ, ಆಗ ಮೀಸೆ, ದೋಸೆ, ಕೆಸು. ಅಲ್ಲಿಂದ ‘ಬಿಸಿ ದೋಸೆ’, ಕೊನೆಗೆ ವಾಕ್ಯ.

ಇಂಗ್ಲಿಷ್ ವರ್ಕ್‌ಶೀಟ್ ತಂದು ಪದದ ಮೊದಲು, ನಡು, ಕೊನೆ ಎಂದು ಮೂರು ಕಾಲಂ ತುಂಬಿಸುವುದು ಹೊಸಬರ ಅಭ್ಯಾಸ. ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಬಸ್ ಕೂಡ ಬಾಯಲ್ಲಿ ಬಸ್ಸು ಆಗುತ್ತದೆ. ಮೂರನೇ ಕಾಲಂ ತುಂಬಲು ಮಗು ಎಂದೂ ಆಡದ ಪದ ಹುಡುಕುವ ಅಗತ್ಯವಿಲ್ಲ.

ಈಗ ದಾಖಲೆ. ಪ್ರತಿ ಪ್ರಯತ್ನಕ್ಕೆ ಮೂರು ಗುರುತಿನಲ್ಲಿ ಒಂದು: ತಾನಾಗಿ ಸರಿ, ಸುಳಿವಿನ ಮೇಲೆ ಸರಿ, ತಪ್ಪು. 20 ಪ್ರಯತ್ನದಲ್ಲಿ 11 ತಾನಾಗಿ, 5 ಸುಳಿವಿನ ಮೇಲೆ, 4 ತಪ್ಪು ಎಂದಿಟ್ಟುಕೊಳ್ಳಿ. ಫಲಿತಾಂಶ ಶೇ. 55. ಮೊದಲ ಎರಡನ್ನೂ ಕೂಡಿಸಿ 16 ಸರಿ, ಶೇ. 80 ಎಂದು ಬರೆದರೆ ಥೆರಪಿಸ್ಟ್ ಮಗುವನ್ನು ಮುಂದಿನ ಹಂತಕ್ಕೆ ಏರಿಸುತ್ತಾರೆ, ಮಗು ಅಲ್ಲಿ ಕುಸಿಯುತ್ತದೆ, ಎರಡು ವಾರ ಹೋಗುತ್ತದೆ. ಸೆಷನ್ ಮುಗಿದ ಮೇಲೆ ನೆನಪಿನಿಂದ ತುಂಬುವುದೂ ಅಷ್ಟೇ ಕೆಟ್ಟದ್ದು, ಮಗು ಮುದ್ದಾಗಿ ನಕ್ಕ ದಿನ ಅಂಕ ಹೆಚ್ಚಿರುತ್ತದೆ.

ಮನೆಮಾತಿನ ವಿಷಯದಲ್ಲಿ ನಮ್ಮ ಜಿಲ್ಲೆಗಳಲ್ಲಿ ವಿಶೇಷ ಎಚ್ಚರ ಬೇಕು. ತುಳು ಮನೆಯ ಮಗು ‘ಭ’ವನ್ನು ‘ಬ’ ಎಂದರೆ ಅದು ತಪ್ಪಲ್ಲ, ಆಡುಮಾತಿನಲ್ಲಿ ಮಹಾಪ್ರಾಣ ಸಹಜವಾಗಿ ಬಿದ್ದುಹೋಗುತ್ತದೆ. ಬ್ಯಾರಿ ಭಾಷೆಯಲ್ಲಿ ‘ಳ’ ಮತ್ತು ‘ಲ’, ‘ಣ’ ಮತ್ತು ‘ನ’ ಎಂಬ ಭೇದವೇ ಇಲ್ಲ, ಆ ಮನೆಯ ಮಗು ‘ಹಳ್ಳಿ’ಯನ್ನು ‘ಹಲ್ಲಿ’ ಎಂದರೆ ಅದು ಮನೆಯಿಂದ ಬಂದದ್ದು. ಕೊಂಕಣಿಯಲ್ಲಿ ಅನುನಾಸಿಕ ಸ್ವರಗಳಿವೆ, ಅದನ್ನು ಮೂಗಿನಲ್ಲಿ ಮಾತಾಡುವ ತೊಂದರೆ ಎಂದು ಬರೆಯಬಾರದು. ಮಾತೃಭಾಷೆ ಯಾವುದು ಎಂದು ಕೇಳುವ ಬದಲು ‘ಅಜ್ಜಿಯ ಹತ್ತಿರ ಯಾವ ಭಾಷೆ ಮಾತಾಡುತ್ತದೆ, ಶಾಲೆಯಲ್ಲಿ ಯಾವುದು?’ ಎಂದು ಕೇಳಿ ಫೈಲಿನ ಮೊದಲ ಪುಟದಲ್ಲೇ ಬರೆಯಿರಿ. ಮಾತು ತಡವಾಯಿತೆಂದು ‘ತುಳು ಬಿಟ್ಟು ಇಂಗ್ಲಿಷ್ ಮಾತ್ರ ಆಡಿ’ ಎಂಬ ಸಲಹೆ ನಿಮ್ಮ ಬಾಯಿಂದ ಬರಲೇಬಾರದು. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಅಜ್ಜಿಯ ಜೊತೆ ಮಾತು ನಿಂತರೆ ಮಗುವಿಗೆ ಅಭ್ಯಾಸದ ಅವಕಾಶವೇ ಕಡಿಮೆಯಾಗುತ್ತದೆ.

ಶ್ರವಣದ ಕೆಲಸ, ಅದೂ ಮಳೆಗಾಲದಲ್ಲಿ

ಶಾಲೆಗಳಲ್ಲಿ ಶ್ರವಣ ತಪಾಸಣೆಗೆ ಸಾಮಾನ್ಯವಾಗಿ 1000, 2000, 4000 ಹರ್ಟ್ಸ್ ಶಬ್ದಗಳನ್ನು 20 ಡೆಸಿಬೆಲ್‌ನಲ್ಲಿ ಕೇಳಿಸುತ್ತಾರೆ. ಮೊದಲ ಮಗುವನ್ನು ಕೂರಿಸುವ ಮುನ್ನ, ಕಿವಿ ಚೆನ್ನಾಗಿರುವ ನೀವೇ ಹೆಡ್‌ಫೋನ್ ಹಾಕಿ ಮೂರೂ ಶಬ್ದ ಕೇಳುತ್ತದೆಯೇ ನೋಡಿ. ಕೇಳದಿದ್ದರೆ ಆ ಕೋಣೆ ಆಗುವುದಿಲ್ಲ. ಜೂನ್, ಜುಲೈನಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ತಪಾಸಣೆ ಮಾಡಿದರೆ ಅರ್ಧ ತರಗತಿಗೆ ಕಿವಿ ಕೇಳುವುದಿಲ್ಲ ಎಂದು ಬರೆಯಬೇಕಾದೀತು. ಫ್ಯಾನ್ ಆಫ್ ಮಾಡಿ. ಕೆಂಪು ಹೆಡ್‌ಫೋನ್ ಬಲಗಿವಿಗೆ, ನೀಲಿ ಎಡಗಿವಿಗೆ, ಇದು ಅದಲುಬದಲಾದರೆ ವರದಿಯೂ ಅದಲುಬದಲು.

ಹಿಯರಿಂಗ್ ಏಡ್ ಹಾಕಿದ ಮಗು ಬಂದರೆ ಸೆಷನ್ ಶುರುವಾಗುವ ಮೊದಲು ಆರು ಧ್ವನಿಗಳ ಪರೀಕ್ಷೆ ಮಾಡಿ: ಆ, ಈ, ಊ, ಶ್, ಸ್, ಮ್. ಬಾಯಿ ಕಾಣದಂತೆ ಹಿಂದಿನಿಂದ ಹೇಳಿ, ಮಗು ಕೇಳಿದ್ದನ್ನು ತಿರುಗಿ ಹೇಳಬೇಕು. ನಿನ್ನೆ ಕೇಳಿದ ‘ಸ್’ ಇವತ್ತು ಕೇಳದಿದ್ದರೆ ಮಗುವನ್ನು ಗದರಬೇಡಿ, ಯಂತ್ರ ನೋಡಿ. ನಮ್ಮ ತೇವದ ಹವೆಯಲ್ಲಿ ಮೋಲ್ಡಿನ (ಕಿವಿಯೊಳಗೆ ಕೂರುವ ಅಚ್ಚು) ನಳಿಕೆಯಲ್ಲಿ ನೀರಿನ ಹನಿ ನಿಂತಿರುತ್ತದೆ. ಮೋಲ್ಡ್ ಬಿಚ್ಚಿ ರಬ್ಬರ್ ಬಲ್ಬಿನಿಂದ ಗಾಳಿ ಊದಿ. ಬಾಯಿಂದ ಊದಿದರೆ ತೇವ ಇನ್ನಷ್ಟು ಸೇರುತ್ತದೆ. ಒಲೆಯ ಹತ್ತಿರ, ಬಿಸಿಲಿನಲ್ಲಿ ಒಣಗಿಸಬಾರದು ಎಂದು ಮನೆಯವರಿಗೆ ಬಿಡಿಸಿ ಹೇಳಿ. ರಾತ್ರಿ ಬ್ಯಾಟರಿ ತೆಗೆದು ಯಂತ್ರವನ್ನು ಮಾತ್ರ ಸಿಲಿಕಾ ಜೆಲ್ ಡಬ್ಬಿಯಲ್ಲಿಡಬೇಕು, ನೀಲಿ ಹರಳು ಗುಲಾಬಿಯಾದರೆ ಬದಲಿಸಬೇಕು. ಜಿಂಕ್ ಏರ್ ಬ್ಯಾಟರಿಯ ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಸ್ಟಿಕ್ಕರ್ ಬಣ್ಣ ಬ್ಯಾಟರಿಯ ಸೈಜ್ ಹೇಳುತ್ತದೆ: ಕಿತ್ತಳೆ 13, ಕಂದು 312, ನೀಲಿ 675.

ಎಲ್ಲಿ ನಿಲ್ಲಬೇಕು

‘ಮೇಡಂ, ಇವನಿಗೆ ಆಟಿಸಂ ಉಂಟಾ?’ ಎಂದು ತಾಯಿ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಹೌದು, ಅಲ್ಲ ಎರಡೂ ನೀವು ಹೇಳುವಂತಿಲ್ಲ. ‘ಅದನ್ನು ಥೆರಪಿಸ್ಟೇ ನೋಡಿ ಹೇಳಬೇಕು ಅಕ್ಕ, ನಿಮ್ಮ ಪ್ರಶ್ನೆ ಇವತ್ತೇ ಫೈಲಿನಲ್ಲಿ ಬರೆಯುತ್ತೇನೆ’ ಎನ್ನಿ, ಹೇಳಿದ ಹಾಗೆ ಬರೆಯಿರಿ. ಗುರಿ ಬದಲಿಸುವುದು, ಚಿಕಿತ್ಸೆ ನಿಲ್ಲಿಸುವುದು, ವರದಿಗೆ ಒಬ್ಬರೇ ಸಹಿ ಹಾಕುವುದು ಕೂಡ ನಿಮ್ಮ ಕೆಲಸವಲ್ಲ. ಎಲ್ಲಕ್ಕಿಂತ ಅಪಾಯದ ಜಾಗ ನುಂಗುವಿಕೆ. ಪಾರ್ಶ್ವವಾಯು ಆದವರಿಗೆ ‘ಒಂದು ಗುಟುಕು ನೀರು ಕೊಟ್ಟು ನೋಡೋಣ’ ಎಂದು ಮನೆಯವರು ಒತ್ತಾಯಿಸಿದರೂ ಕೊಡಬೇಡಿ. ಕೆಮ್ಮು ಬಾರದೆಯೂ ನೀರು ಶ್ವಾಸಕೋಶಕ್ಕೆ ಇಳಿಯಬಹುದು, ನ್ಯುಮೋನಿಯಾ ಆಗಬಹುದು.

ನೋಂದಣಿ ಮತ್ತು ಕೆಲಸ

ಫಲಿತಾಂಶ ಬಂದ ಕೂಡಲೇ ಆನ್‌ಲೈನ್‌ನಲ್ಲಿ ನೋಂದಣಿ ಅರ್ಜಿ ಹಾಕಿ. ನೋಂದಣಿಗೆ ಅವಧಿ ಇದೆ, ನವೀಕರಣಕ್ಕೆ ಸಿಆರ್‌ಇ (ನಿರಂತರ ಪುನರ್ವಸತಿ ಶಿಕ್ಷಣ) ಅಂಕ ಬೇಕು. ಪರಿಷತ್ತು ಒಪ್ಪಿದ ಕಾರ್ಯಾಗಾರಗಳಲ್ಲಿ ಅಂಕ ಸಿಗುತ್ತದೆ. ಕೊನೆಯ ವರ್ಷಕ್ಕೆ ಉಳಿಸಿಕೊಂಡರೆ ಪರದಾಟ. ಆಸ್ಪತ್ರೆಗಳ ಇಎನ್‌ಟಿ ವಿಭಾಗ, ವಿಶೇಷ ಶಾಲೆ, ಖಾಸಗಿ ಥೆರಪಿ ಸೆಂಟರ್, ಹಿಯರಿಂಗ್ ಏಡ್ ಕ್ಲಿನಿಕ್‌ಗಳಲ್ಲಿ ಕೆಲಸ ಹುಡುಕಬಹುದು. ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗೆ ಆಡಿಯೋಮೆಟ್ರಿಕ್ ಅಸಿಸ್ಟೆಂಟ್ ಹುದ್ದೆಯ ಏರ್ಪಾಡು ಇದೆ. ವೆನ್ಲಾಕ್ ಮತ್ತು ಅಜ್ಜರಕಾಡಿನ ಆಸ್ಪತ್ರೆಗಳ ಪ್ರಕಟಣೆ ಗಮನಿಸುತ್ತಿರಿ.

ಅಮೆರಿಕಕ್ಕೆ ಹೋಗುವ ಯೋಚನೆ ಇದ್ದವರಿಗೆ ಒಂದು ಮಾತು. ಅಲ್ಲಿ ಅಸಿಸ್ಟೆಂಟ್ ಪ್ರಮಾಣಪತ್ರ ಕೊಡುವುದು ಆಶಾ ಎಂಬ ವೃತ್ತಿಸಂಸ್ಥೆ. ಅದು ಕನಿಷ್ಠ 100 ಗಂಟೆ ಕ್ಲಿನಿಕಲ್ ಅನುಭವ ಕೇಳುತ್ತದೆ, ಅದರಲ್ಲಿ 80 ಗಂಟೆ ನೇರವಾಗಿ ರೋಗಿಗಳ ಜೊತೆ. ಉಸ್ತುವಾರಿ ಅವರದೇ ಪ್ರಮಾಣಪತ್ರವಿದ್ದ ಥೆರಪಿಸ್ಟ್‌ನದಾಗಿರಬೇಕು, ಆಮೇಲೆ ಪರೀಕ್ಷೆ. ರಾಜ್ಯ ರಾಜ್ಯಕ್ಕೆ ಲೈಸೆನ್ಸ್ ನಿಯಮವೂ ಬೇರೆ. ಇಲ್ಲಿಯ ಡಿಪ್ಲೊಮಾ ಹಿಡಿದು ನೇರ ಕೆಲಸಕ್ಕೆ ಸೇರಲಾಗುವುದಿಲ್ಲ.

ಊರಲ್ಲೇ ಸಂದರ್ಶನಕ್ಕೆ ಹೋದಾಗ ಸಂಬಳದ ಜೊತೆ ಇದನ್ನೂ ಕೇಳಿ: ಉಸ್ತುವಾರಿ ಯಾರದ್ದು, ಅವರ ಆರ್‌ಸಿಐ ನಂಬರ್ ಏನು, ವಾರದಲ್ಲಿ ಯಾವ ದಿನ ನನ್ನ ಸೆಷನ್‌ನಲ್ಲಿ ಕೂರುತ್ತಾರೆ? ‘ಅವರು ತಿಂಗಳಿಗೊಮ್ಮೆ ಬಂದು ಸಹಿ ಹಾಕಿ ಹೋಗುತ್ತಾರೆ’ ಎಂಬ ಉತ್ತರ ಬಂದರೆ ಆ ಕೆಲಸಕ್ಕೆ ಸೇರಬೇಡಿ.