ನೀರಿನ ಆಮ್ಲೀಯತೆ ಮತ್ತು ನೀರುಚಿಗಟ: ಶಾಲಾ ಪ್ರಯೋಗವನ್ನು ರೂಪಿಸುವ ಬಗೆ

ವಿಜ್ಞಾನ ಮೇಳಗಳಲ್ಲಿ ತಪ್ಪದೆ ಕಾಣಿಸುವ ಪ್ರಯೋಗವೊಂದಿದೆ. ಒಂದು ಲೋಟದಲ್ಲಿ ಬರೀ ನೀರು, ಉಳಿದವುಗಳಲ್ಲಿ ಹೆಚ್ಚುತ್ತಾ ಹೋಗುವ ನಿಂಬೆರಸ, ಎಲ್ಲದರಲ್ಲೂ ಕೆರೆಯಿಂದ ತಂದ ಪುಟ್ಟ ಜೀವಿಗಳು. ಮರುದಿನ ನಿಂಬೆರಸದ ಲೋಟದವು ಸತ್ತಿರುತ್ತವೆ, ‘ಆಮ್ಲೀಯ ನೀರು ಜಲಚರಗಳಿಗೆ ಮಾರಕ’ ಎಂಬ ತೀರ್ಮಾನ ರಟ್ಟಿನ ಮೇಲೆ ಬಣ್ಣದ ಅಕ್ಷರಗಳಲ್ಲಿ ಸಿದ್ಧವಾಗಿರುತ್ತದೆ. ಆದರೆ ರಸದಲ್ಲಿರುವ ಸಕ್ಕರೆ, ತಿರುಳುಗಳನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬರಿದು ಮಾಡುವುದರಿಂದ, ಜೀವಿಗಳು ಹುಳಿಯಿಂದ ಸತ್ತವೋ ಉಸಿರುಗಟ್ಟಿ ಸತ್ತವೋ ಎಂದು ತೀರ್ಪುಗಾರರು ಕೇಳಿದರೆ ವಿದ್ಯಾರ್ಥಿಯ ಬಳಿ ಉತ್ತರವಿರುವುದಿಲ್ಲ. ಪ್ರಯೋಗದಲ್ಲಿ ಬದಲಾಗಬೇಕಾದದ್ದು ಆಮ್ಲೀಯತೆಯೊಂದೇ.

ಮೊದಲು ಜೀವಿಯನ್ನು ಆರಿಸಿಕೊಳ್ಳಬೇಕು. ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಮೀನಿನ ಜೀವಂತ ಆಹಾರವಾಗಿ ಸಿಗುವ ಡಾಫ್ನಿಯಾ, ಅಂದರೆ ನೀರುಚಿಗಟ, ಇದಕ್ಕೆ ಹೇಳಿಮಾಡಿಸಿದ್ದು. ಅದರ ಹೆಸರಿನಲ್ಲಿ ಮೊಯಿನಾ ಎಂಬ ಹತ್ತಿರದ ಸಂಬಂಧಿಯನ್ನು ಕೊಡುವುದೂ ಉಂಟು. ಎಲ್ಲ ಲೋಟಗಳಿಗೂ ಒಂದೇ ಬಗೆಯನ್ನು ಬಳಸಿದರೆ ತೊಂದರೆಯಿಲ್ಲ. ಸೊಳ್ಳೆಮರಿಗಳನ್ನು ಬಳಸಲೇಬಾರದು: ಅವು ಮೇಲ್ಮೈಗೆ ಬಂದು ಹೊರಗಿನ ಗಾಳಿಯನ್ನೇ ಉಸಿರಾಡುತ್ತವೆ, ಪ್ರಯೋಗ ಮುಗಿಯುವುದರೊಳಗೆ ಹಾರಿಯೂ ಹೋಗಬಹುದು.

ನಲ್ಲಿನೀರಾದರೆ ಕ್ಲೋರಿನ್ ಹೋಗಲು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ, ಅಂದರೆ ಆಮ್ಲೀಯತೆಯನ್ನು ಸೂಚಿಸುವ ಅಂಕವಾದ ಪಿಎಚ್‌ನ ಬೇಕಾದ ಮಟ್ಟಕ್ಕೆ ನೀರನ್ನು ತಂದು ಅಲ್ಲೇ ನಿಲ್ಲಿಸುವುದರಲ್ಲಿ. ನೀರಿನ ಸಹಜ ಪಿಎಚ್ ಒಂದು, ಜೊತೆಗೆ 6.5, 5.5 ಮತ್ತು 4.5 ಇಟ್ಟುಕೊಂಡರೆ ಸಾಕು. ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ ಎಂಬುದನ್ನು ಮರೆಯಬಾರದು. ವಿನೆಗರ್ ಬೇಡ, ಏಕೆಂದರೆ ಅಸಿಟಿಕ್ ಆಮ್ಲವೂ ಬ್ಯಾಕ್ಟೀರಿಯಾಗಳಿಗೆ ಆಹಾರವೇ. ಶೌಚಾಲಯ ತೊಳೆಯುವ ಆಸಿಡ್ಡಂತೂ ಬೇಡವೇ ಬೇಡ. ಅದರಲ್ಲಿ ಬೆರೆತಿರುವ ಇತರ ರಾಸಾಯನಿಕಗಳ ಲೆಕ್ಕ ಯಾರಿಗೂ ಸಿಗದು. ಶಾಲೆಯ ಪ್ರಯೋಗಾಲಯದಲ್ಲಿ ಶಿಕ್ಷಕರೇ ತಯಾರಿಸಿಕೊಟ್ಟ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲವನ್ನು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಹನಿಹನಿಯಾಗಿ ಸೇರಿಸಬೇಕು.

ಗಡಸಾದ ಕೊಳವೆಬಾವಿ ನೀರಿನಲ್ಲಿ ಎಷ್ಟು ಹನಿ ಹಾಕಿದರೂ ಪಿಎಚ್ ಬೇಗ ಜಗ್ಗುವುದಿಲ್ಲ. ಅದರಲ್ಲಿರುವ ಬೈಕಾರ್ಬೊನೇಟು ಆಮ್ಲವನ್ನು ನುಂಗುತ್ತಾ ಹೋಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 300 ಮಿಲಿಗ್ರಾಂ ಕ್ಷಾರೀಯತೆ (ಆಮ್ಲವನ್ನು ನುಂಗುವ ಶಕ್ತಿ) ಇರುವ ಒಂದು ಲೀಟರ್ ನೀರು ಈ ಆಮ್ಲವನ್ನು ಸುಮಾರು 60 ಮಿಲಿಲೀಟರಿನಷ್ಟು ನುಂಗಬಲ್ಲದು, ಅದು ತೀರಿದೊಡನೆ ಪಿಎಚ್ ಒಮ್ಮೆಲೇ ಕುಸಿಯುತ್ತದೆ. ಅಷ್ಟರಲ್ಲಿ ಹುಟ್ಟಿಕೊಂಡ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿದ್ದಷ್ಟು ಹೊತ್ತು ಪಿಎಚ್ಚನ್ನು ತಗ್ಗಿಸಿಟ್ಟು, ರಾತ್ರಿ ಅದು ಹೊರಹೋದಂತೆ 5.5 ಇದ್ದದ್ದು ಬೆಳಗಾಗುವಾಗ ಮೇಲೇರಿರುತ್ತದೆ. ಆದ್ದರಿಂದ ಪ್ರತಿ ಪಿಎಚ್‌ನ ನೀರನ್ನೂ ದೊಡ್ಡ ಜಾಡಿಯಲ್ಲಿ ಒಟ್ಟಿಗೆ ತಯಾರಿಸಿ, ಅಕ್ವೇರಿಯಂ ಪಂಪಿನಿಂದ ರಾತ್ರಿಯಿಡೀ ಗಾಳಿ ಊದಿಸಿ, ಬೆಳಿಗ್ಗೆ ಮತ್ತೆ ಅಳೆದು ಸರಿಪಡಿಸಿ, ಎರಡು ಅಳತೆಗಳು ಹೊಂದಿದ ಮೇಲಷ್ಟೇ ಲೋಟಗಳಿಗೆ ಹಂಚಬೇಕು. ಸಹಜ ಪಿಎಚ್‌ನ ನೀರಿಗೂ ಅಷ್ಟೇ ಹೊತ್ತು ಗಾಳಿ ಊದಿಸಬೇಕು.

ಅಳೆಯಲು 1ರಿಂದ 14ರವರೆಗಿನ ಬಣ್ಣದ ಕಾಗದ ಸಾಲದು, ಅರ್ಧ ಅಂಕದ ವ್ಯತ್ಯಾಸ ಅದರಲ್ಲಿ ನಂಬುವಂತೆ ಕಾಣುವುದಿಲ್ಲ. ಅಗ್ಗದ ಪೆನ್ನಿನಾಕಾರದ ಮೀಟರು ನಡೆಯುತ್ತದೆ, ಆದರೆ ಅದರ ಜೊತೆ ಬರುವ 4.01 ಮತ್ತು 6.86ರ ಪುಡಿಗಳನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ದಿನವೂ ಹೊಂದಿಸಿಕೊಳ್ಳಬೇಕು.

ಪ್ರತಿ ಪಿಎಚ್‌ಗೆ ನಾಲ್ಕು ಲೋಟ, ಲೋಟಕ್ಕೆ ಐದು ಎಳೆಯ ಜೀವಿಗಳಿರಲಿ. ತುದಿ ಕತ್ತರಿಸಿ ಬಾಯಿ ಅಗಲಿಸಿದ ಪ್ಲಾಸ್ಟಿಕ್ ಡ್ರಾಪರಿನಿಂದ ಅವನ್ನು ನೀರಿನೊಳಗೇ ಬಿಡಬೇಕು. ಮೇಲಿಂದ ಹನಿಸಿದರೆ ಕವಚದೊಳಗೆ ಗಾಳಿ ಸಿಕ್ಕಿ ಮೇಲ್ಮೈಯಲ್ಲೇ ತೇಲಿ ಸಾಯುತ್ತವೆ, ಆ ಸಾವು ಆಮ್ಲದ ಲೆಕ್ಕಕ್ಕೆ ಸೇರಿಬಿಡುತ್ತದೆ. 24 ಮತ್ತು 48 ಗಂಟೆಗಳಿಗೆ ಲೋಟವನ್ನು ಮೆಲ್ಲಗೆ ಅಲುಗಿಸಿ, 15 ಸೆಕೆಂಡಿನೊಳಗೆ ಈಜದವುಗಳನ್ನು ‘ಚಲನೆ ನಿಂತವು’ ಎಂದು ಎಣಿಸಿ, ಪ್ರತಿ ಸಲವೂ ಪಿಎಚ್ ಬರೆದಿಡಬೇಕು. ಆಮ್ಲ ಸೇರಿಸದ ಲೋಟಗಳಲ್ಲಿ ಇಪ್ಪತ್ತರಲ್ಲಿ ಎರಡಕ್ಕಿಂತ ಹೆಚ್ಚು ನಿಂತುಹೋದರೆ ಇಡೀ ಪ್ರಯೋಗವನ್ನು ಮತ್ತೆ ಮಾಡದೆ ವಿಧಿಯಿಲ್ಲ. ಸೂಕ್ಷ್ಮದರ್ಶಕವಿದ್ದರೆ ಪಾರದರ್ಶಕ ಮೈಯೊಳಗೆ, ಬೆನ್ನಿನ ಕಡೆ ಪಟಪಟನೆ ಬಡಿಯುವ ಹೃದಯವನ್ನೂ ನೋಡಬಹುದು. ಉಳಿದ ಜೀವಿಗಳನ್ನು ಕೆರೆಗೆ ಸುರಿಯಬಾರದು.

ಕೊಡಗು, ಚಿಕ್ಕಮಗಳೂರು ಕಡೆಯ ವಿದ್ಯಾರ್ಥಿಗಳು ಇದೇ ಕ್ರಮದಲ್ಲಿ ಕಾಫಿ ಪಲ್ಪಿಂಗ್ ನೀರನ್ನೂ, ಅಂದರೆ ಕಾಫಿ ಹಣ್ಣಿನ ಸಿಪ್ಪೆ, ತಿರುಳು ಬಿಡಿಸುವಾಗ ಹೊರಬರುವ ಕೊಳೆನೀರನ್ನೂ, ಪರೀಕ್ಷಿಸಬಹುದು. ಅದು ಹುಳಿಯಾಗಿರುವುದಲ್ಲದೆ ಹಳ್ಳದ ಆಮ್ಲಜನಕವನ್ನೂ ಕಸಿಯುತ್ತದೆ. ಹಾಗಾಗಿ ಆ ನೀರನ್ನು ತೆಳುಮಾಡಿ ಮೂರು ಪಾಲು ಮಾಡಬೇಕು: ಒಂದು ಇದ್ದ ಹಾಗೆಯೇ, ಇನ್ನೊಂದು ಅಡುಗೆ ಸೋಡಾದಿಂದ ಹುಳಿ ತೆಗೆದದ್ದು, ಮತ್ತೊಂದು ಹುಳಿ ತೆಗೆದು ಗಾಳಿಯನ್ನೂ ಊದಿಸಿದ್ದು. ಎರಡನೆಯದರಲ್ಲಿ ಸತ್ತು ಮೂರನೆಯದರಲ್ಲಿ ಬದುಕಿದರೆ, ಅಲ್ಲಿ ಕೊಂದದ್ದು ಆಮ್ಲಜನಕದ ಕೊರತೆ ಎನ್ನಲು ಆಧಾರ ಸಿಕ್ಕಂತಾಗುತ್ತದೆ.