ಉಡ್ಡಿಯಾನ ಬಂಧ: ಹೊಟ್ಟೆ ಎಳೆಯಬೇಡಿ, ಪಕ್ಕೆಲುಬು ಅಗಲಿಸಿ

ಉಡ್ಡಿಯಾನ ಬಂಧ ಅಂದರೆ ಉಸಿರು ಪೂರ್ತಿ ಹೊರಹಾಕಿ ಹೊಟ್ಟೆ ಒಳಗೆ ಗುಳಿ ಬೀಳುವಂತೆ ಮಾಡುವ ಒಂದು ಯೋಗಾಭ್ಯಾಸ. ಆದರೆ ಇದರ ಹೆಸರು ಹೇಳಿದ ತಕ್ಷಣ ಹೆಚ್ಚಿನವರು ಹೊಟ್ಟೆಯನ್ನು ಬಿಗಿಯಾಗಿ ಒಳಗೆಳೆದುಕೊಳ್ಳುತ್ತಾರೆ. ಫೋಟೊಗೆ ನಿಂತಾಗ ಮಾಡ್ತೀವಲ್ಲ, ಹಾಗೆ. ಅದು ಉಡ್ಡಿಯಾನ ಅಲ್ಲ. ಇಲ್ಲಿ ಹೊಟ್ಟೆಯ ಸ್ನಾಯು ಸಡಿಲವಾಗಿರಬೇಕು. ಕೆಲಸ ಎಲ್ಲ ಪಕ್ಕೆಲುಬಿನದು.

ಬಂಧ ಅಂದರೆ ಕಟ್ಟು, ಉಡ್ಡಿಯಾನ ಅಂದರೆ ಮೇಲಕ್ಕೆ ಹಾರುವುದು. ಈ ಕಟ್ಟು ಹಾಕಿದರೆ ಪ್ರಾಣಶಕ್ತಿ ಸುಷುಮ್ನೆಯಲ್ಲಿ (ಬೆನ್ನುಹುರಿಯ ಉದ್ದಕ್ಕೂ ಇದೆ ಎಂದು ಯೋಗದಲ್ಲಿ ನಂಬುವ ನಾಡಿ) ಮೇಲಕ್ಕೆ ಹಾರುತ್ತದೆ, ಅದಕ್ಕೇ ಈ ಹೆಸರು ಎನ್ನುತ್ತದೆ ಸುಮಾರು 15ನೇ ಶತಮಾನದ ಯೋಗಗ್ರಂಥ ಹಠಯೋಗ ಪ್ರದೀಪಿಕೆ. ಸಾವೆಂಬ ಆನೆಗೆ ಇದು ಸಿಂಹ ಎಂದೂ ಹೊಗಳುತ್ತದೆ. ಹೊಗಳಿಕೆ ಸ್ವಲ್ಪ ಜಾಸ್ತಿಯೇ ಆಯಿತು, ಇರಲಿ. ಕಣ್ಣಿಗೆ ಕಾಣುವ ದೇಹದಲ್ಲಿ ಮೇಲೇರುವುದು ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪೊರೆ.

ಗರ್ಭಿಣಿಯರು, ಬಿಪಿ, ಹೃದ್ರೋಗ, ಹರ್ನಿಯಾ, ಹೊಟ್ಟೆಹುಣ್ಣು ಅಥವಾ ಗ್ಲುಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರು, ಈಚೆಗೆ ಹೊಟ್ಟೆಯ ಆಪರೇಷನ್ ಆದವರು ಇದನ್ನು ಮಾಡಬಾರದು. ಮುಟ್ಟಿನ ದಿನಗಳಲ್ಲೂ ಬೇಡ. ಉಳಿದವರು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಮಾಡಿ. ಮೊದಲ ಸಲವಾದರೆ ಗುರುಗಳ ಎದುರೇ ಕಲಿಯಿರಿ.

1. ಕಾಲು ಅಗಲಿಸಿ ನಿಲ್ಲಿ. ಮಂಡಿ ತುಸು ಮಡಿಸಿ, ಮುಂದೆ ಬಾಗಿ, ಅಂಗೈಗಳನ್ನು ತೊಡೆಯ ಮೇಲೆ ಊರಿ.

2. ಬಾಯಿಯಿಂದ ಉಸಿರನ್ನು ಪೂರ್ತಿ ಹೊರಹಾಕಿ. ಅರ್ಧಂಬರ್ಧ ಬಿಟ್ಟರೆ ಮುಂದಿನದು ಆಗುವುದೇ ಇಲ್ಲ.

3. ಗಂಟಲು ಮುಚ್ಚಿ, ಗದ್ದ ಕೆಳಗಿಳಿಸಿ. ಈಗ ಉಸಿರು ಎಳೆದುಕೊಳ್ಳುವಂತೆ ಪಕ್ಕೆಲುಬುಗಳನ್ನು ಅಗಲಿಸಿ, ಮೇಲೆತ್ತಿ. ಗಾಳಿ ಮಾತ್ರ ಒಳಗೆ ಬರಬಾರದು. ಎದೆಗೂಡು ಹಿಗ್ಗಿದರೂ ಗಾಳಿ ಬರಲಿಲ್ಲ ಅಂದರೆ ಒಳಗಿನ ಒತ್ತಡ ಇಳಿಯುತ್ತದೆ. ಆಗ ವಪೆ ಮೇಲೇರುತ್ತದೆ, ಹೊಟ್ಟೆ ತಾನಾಗಿಯೇ ಬೆನ್ನಿನ ಕಡೆಗೆ ಗುಳಿ ಬೀಳುತ್ತದೆ. ನೀವು ಎಳೆಯಬೇಕಾಗಿಯೇ ಇಲ್ಲ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ತಪ್ಪುತ್ತಿದೆ ಅಂತ ತಿಳಿಯಿರಿ.

4. ಶುರುವಿನಲ್ಲಿ ಐದು ಸೆಕೆಂಡ್ ಸಾಕು. ಮೊದಲು ಪಕ್ಕೆಲುಬು ಸಡಿಲಿಸಿ, ಹೊಟ್ಟೆ ಮುಂದೆ ಬರಲಿ, ಆಮೇಲೆ ನಿಧಾನಕ್ಕೆ ಉಸಿರು ತೆಗೆದುಕೊಳ್ಳಿ. ಗಾಳಿ ಗಬಕ್ಕನೆ ನುಗ್ಗಿತು ಅಂದರೆ ಜಾಸ್ತಿ ಹೊತ್ತು ಹಿಡಿದಿದ್ದೀರಿ. ಉಸಿರು ಸಮಾಧಾನಕ್ಕೆ ಬಂದ ಮೇಲೆ ಇನ್ನೊಂದು ಸಲ.

ಈ ಒತ್ತಡದ ಸಂಗತಿ ಬರೀ ನಂಬಿಕೆಯಲ್ಲ. ಮಹಾರಾಷ್ಟ್ರದ ಲೋನಾವಳದಲ್ಲಿರುವ ಕೈವಲ್ಯಧಾಮ ಎಂಬ ಯೋಗ ಸಂಶೋಧನಾ ಸಂಸ್ಥೆಯಲ್ಲಿ ಅದರ ಸ್ಥಾಪಕ ಸ್ವಾಮಿ ಕುವಲಯಾನಂದರು 1924ರ ಹೊತ್ತಿಗೇ ಉಡ್ಡಿಯಾನ, ನೌಲಿ (ಉಡ್ಡಿಯಾನದಲ್ಲಿದ್ದು ಹೊಟ್ಟೆಯ ಸ್ನಾಯುಗಳನ್ನು ತಿರುಗಿಸುವ ಕ್ರಿಯೆ) ಮಾಡುವಾಗ ಒಳಗಿನ ಒತ್ತಡ ಎಷ್ಟು ಬದಲಾಗುತ್ತದೆ ಅಂತ ಅಳೆದು ನೋಡಿದ್ದರು.

ಮೈಸೂರಿನ ಅಷ್ಟಾಂಗ ಯೋಗ ಪದ್ಧತಿಯ ತರಗತಿಗೆ ಹೋದರೆ ಇದೇ ಹೆಸರು ಬೇರೆ ರೀತಿಯಲ್ಲಿ ಕೇಳಿಸುತ್ತದೆ. ಅಲ್ಲಿ ಆಸನದ ಉದ್ದಕ್ಕೂ ಉಡ್ಡಿಯಾನ ಇರಲಿ ಎನ್ನುತ್ತಾರೆ. ಉಸಿರಾಡುತ್ತಲೇ ಇದ್ದಾಗ ಮೇಲೆ ಹೇಳಿದ್ದು ಸಾಧ್ಯವೇ ಇಲ್ಲ, ಅಲ್ವಾ? ಅವರು ಹೇಳುವುದು ಹೊಕ್ಕುಳಿನ ಕೆಳಭಾಗವನ್ನು ಹಗುರಾಗಿ ಒಳಗೆ, ಮೇಲಕ್ಕೆ ಹಿಡಿದಿಟ್ಟುಕೊಳ್ಳುವುದನ್ನು. ಗೊಂದಲವಾದರೆ ಯಾವುದನ್ನು ಹೇಳುತ್ತಿದ್ದೀರಿ ಅಂತ ಗುರುಗಳನ್ನೇ ಕೇಳಿಬಿಡಿ.