ಮೂಕಿ ಆಲಿಸ್‌ಗೆ ಹಾರ್ಮೋನಿಯಂ

1903ರ ಮೂಕಿ ಚಿತ್ರ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಅನ್ನು ನಮ್ಮ ಬಡಾವಣೆಯ ಮಕ್ಕಳಿಗೆ ಆಗಾಗ ತೋರಿಸುತ್ತೇನೆ. ಪಕ್ಕದಲ್ಲಿ ಕೂತು ಹಾರ್ಮೋನಿಯಂ ನುಡಿಸುವುದೂ ನಾನೇ. ಕಥೆಯನ್ನು ಮಾತ್ರ ಮೊದಲೇ ಪೂರ್ತಿ ಹೇಳಿಬಿಡುತ್ತೇನೆ. ಸಿನಿಮಾ ಓಡುವಾಗ ವಿವರಿಸಲು ಹೋದರೆ ಮಕ್ಕಳು ಪರದೆ ಬಿಟ್ಟು ನಮ್ಮ ಮುಖ ನೋಡುತ್ತಾರೆ, ಅಲ್ವಾ?

ಮೊದಲೇ ಹೇಳದಿದ್ದರೆ ಈ ಸಿನಿಮಾ ತಲೆಬುಡ ಅರ್ಥವಾಗುವುದಿಲ್ಲ. ಇಂಗ್ಲೆಂಡಿನ ಸೆಸಿಲ್ ಹೆಪ್‌ವರ್ತ್, ಪರ್ಸಿ ಸ್ಟೋ ಇದನ್ನು ತೆಗೆದಾಗ ಆಲಿಸ್ ಎಂಬ ಹುಡುಗಿ ಮೊಲದ ಹಿಂದೆ ಬಿಲಕ್ಕಿಳಿದು ವಿಚಿತ್ರ ಲೋಕ ಸೇರುವ ಲೂಯಿಸ್ ಕ್ಯಾರಲ್ ಕಥೆಪುಸ್ತಕ ಬಂದು 38 ವರ್ಷವಾಗಿತ್ತು. ಅಲ್ಲಿನವರಿಗೆ ಕಥೆ ಬಾಯಿಪಾಠ. ಹಾಗಾಗಿ ಪುಸ್ತಕಕ್ಕೆ ಜಾನ್ ಟೆನಿಯಲ್ ಬರೆದ ಚಿತ್ರಗಳಿಗೆ ಇವರು ಜೀವ ಕೊಟ್ಟರು, ಅಷ್ಟೆ. ಆ ಚಿತ್ರಗಳನ್ನೇ ತೋರಿಸುತ್ತಾ ಕಥೆ ಹೇಳಿದರೆ, ಮೊಲ ಪರದೆಗೆ ಬಂದ ಕೂಡಲೇ ಮಕ್ಕಳು ಗುರುತು ಹಿಡಿಯುತ್ತಾರೆ.

ಮೂಲ ರೀಲು 800 ಅಡಿ, ಸುಮಾರು 12 ನಿಮಿಷ. ಆ ಕಾಲಕ್ಕೆ ಬ್ರಿಟನ್ನಿನಲ್ಲಿ ಇದೇ ಎಲ್ಲಕ್ಕಿಂತ ಉದ್ದದ ಸಿನಿಮಾ! ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಸರಿಪಡಿಸಿ ಹೊರತಂದ ಪ್ರತಿ ಇನ್ನೂ ಚಿಕ್ಕದು. ತುಂಬಾ ಹಾಳಾಗಿದ್ದ ರೀಲು ಅದು, ಗೀರುಗಳು ಈಗಲೂ ಇವೆ. “ಅಲ್ಲಿ ಮಳೆ ಬರ್ತಿದೆಯಾ?” ಎಂದು ಒಂದಲ್ಲ ಒಂದು ಮಗು ಕೇಳಿಯೇ ಕೇಳುತ್ತದೆ.

ನುಡಿಸುವುದರಲ್ಲಿ ಕೈ ಹಿಡಿತ ಬೇಕು. ಆಲಿಸ್ ಬಾಟಲಿಯಿಂದ ಕುಡಿದು ಕುಗ್ಗುವಾಗ ತಾರಸ್ಥಾಯಿಯ (ಎತ್ತರದ ದನಿಯ) ಒಂದೇ ಸ್ವರ ಹಿಡಿದು, ಗಾಳಿ ಊದುವ ತಿದಿ ಒತ್ತುವುದನ್ನು ನಿಧಾನ ಮಾಡುತ್ತೇನೆ. ದನಿ ತಾನೇ ಸಣ್ಣಗಾಗುತ್ತದೆ. ಕೇಕ್ ತಿಂದು ಬೆಳೆಯುವಾಗ ಮಂದ್ರದ ಷಡ್ಜ (ಕೆಳಗಿನ ದಪ್ಪ ದನಿಯ ‘ಸ’), ತಿದಿ ಪೂರ್ತಿ. ನಡುವೆ ಬರುವ ಇಂಗ್ಲಿಷ್ ಬರಹಗಳನ್ನು ಕನ್ನಡದಲ್ಲಿ ಓದುತ್ತೇನೆ, ಒಂದೇ ಉಸಿರಿಗೆ ಮುಗಿಯುವಷ್ಟು. ಜಾಸ್ತಿ ಹೇಳಲು ಹೊರಟರೆ ಮುಂದಿನ ದೃಶ್ಯ ಬಂದೇಬಿಟ್ಟಿರುತ್ತದೆ.

ಬೆಕ್ಕಿನ ದೃಶ್ಯಕ್ಕೆ ಮಾತ್ರ ಏನೂ ನುಡಿಸುವುದಿಲ್ಲ. ಪುಸ್ತಕದಲ್ಲಿ ಕಿವಿವರೆಗೆ ನಗುವ ಬೆಕ್ಕು ಅದು. ಇಲ್ಲಿ ನಟಿಸಿರುವುದು ಹೆಪ್‌ವರ್ತ್ ಮನೆಯದೇ ಬೆಕ್ಕು! ಪೊದೆಯ ಮಧ್ಯೆ ಸಿಡುಕು ಮುಖ ಹಾಕಿಕೊಂಡು ಸುಮ್ನೆ ಕೂತಿರುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅಲ್ಲಿ ಹಾರ್ಮೋನಿಯಂ ಅಡ್ಡ ಬರಬಾರದು. ಕೆಲವರು ಇಂಥ ಚಿತ್ರಗಳಿಗೆ ಒಂದು ಕ್ಷಣವೂ ಬಿಡದೆ ಸಂಗೀತ ತುಂಬುತ್ತಾರೆ, ನನಗದು ಹಿಡಿಸುವುದಿಲ್ಲ.

ಮುಗಿದ ಮೇಲೆ ಮಕ್ಕಳು ಮತ್ತೆ ಹಾಕಿ ಅನ್ನುತ್ತಾರೆ. ಹತ್ತು ನಿಮಿಷದ ಒಳಗಿನ ಸಿನಿಮಾ, ಧಾರಾಳವಾಗಿ ಹಾಕಬಹುದು. ಎರಡನೇ ಸಲ ಇಸ್ಪೀಟ್ ಎಲೆಗಳ ವೇಷದ ಹುಡುಗರು ಸಾಲಾಗಿ ಬರುವಾಗ ತಾಳ ಹಾಕುವ ಕೆಲಸ ಮಕ್ಕಳದ್ದೇ. ಲಯ ಎಲ್ಲೆಲ್ಲಿಗೋ ಹೋಗುತ್ತದೆ, ನಾನು ತಡೆಯುವುದಿಲ್ಲ.